ಗೊಣಗುವ ಚಕ್ರ

ಯಶವಂತಪುರದ ರೈಲು ನಿಲ್ದಾಣದಲ್ಲಿ ಗಾಡಿ ಒಳಗೆ ಬರುವಾಗ ಬಹುಮಂದಿ ನೋಡುವುದು ತಮ್ಮ ಬೋಗಿಯ ನಂಬರನ್ನು. ಅದೇ ಹೊತ್ತಿನಲ್ಲಿ ಹಳಿಯ ಪಕ್ಕ ರೈಲ್ವೆ ಸಿಬ್ಬಂದಿಯೊಬ್ಬರು ಉರುಳಿ ಬರುವ ಚಕ್ರಗಳನ್ನೇ ದಿಟ್ಟಿಸುತ್ತ, ಸದ್ದಿಗೆ ಕಿವಿಗೊಟ್ಟು ನಿಂತಿರುವುದುಂಟು. ಗಾಡಿ ನಿಂತ ಮೇಲೆ ಅಚ್ಚಿನ ತುದಿಯ ಪೆಟ್ಟಿಗೆ ಎಷ್ಟು ಬಿಸಿಯಾಗಿದೆ ಎಂದು ನೋಡುವುದೂ ಅವರ ಕೆಲಸವೇ. 'ಹಾಟ್ ಆಕ್ಸಲ್' ಎಂಬುದು ರೈಲ್ವೆಯವರು ಹೆದರುವ ಮಾತು. ಪೆಟ್ಟಿಗೆಯೊಳಗಿನ ಬೇರಿಂಗ್ ಕೆಟ್ಟು ಕಾದಿದೆ, ಹಾಗೆಯೇ ಬಿಟ್ಟರೆ ಅಚ್ಚೇ ಮುರಿದೀತು ಎಂದು ಅದರ ಅರ್ಥ.

ಮನೆಯ ಮುಂದೆ ನಿಲ್ಲುವ ಕಾರಿನ ಚಕ್ರಕ್ಕೆ ಹೀಗೆ ಕಿವಿಗೊಡುವವರು ಕಡಿಮೆ. ಬೇರಿಂಗ್ ಒಂದೇ ದಿನದಲ್ಲಿ ಕೆಡುವ ವಸ್ತುವಲ್ಲ. ಮೊದಲು ಸಣ್ಣಗೆ ಗುಂಯ್‌ಗುಟ್ಟುತ್ತದೆ, ತಿಂಗಳು ಕಳೆದಂತೆ ಗೊಣಗುತ್ತದೆ, ಕೊನೆಗೆ ಗರಗರ ಎನ್ನುತ್ತದೆ. ಅಷ್ಟರಲ್ಲಿ ಮನೆಮಂದಿಯ ಕಿವಿಗೆ ಅದು ಅಭ್ಯಾಸವಾಗಿ ಹೋಗಿರುತ್ತದೆ.

ನಿಲ್ದಾಣದಿಂದ ಕೂಗಳತೆಯ ದೂರದಲ್ಲಿರುವ ಒಂದು ಮನೆಯಲ್ಲಿ ನಡೆದದ್ದೂ ಹೀಗೆಯೇ. ಕಾರು 1998ರ ಮಾರುತಿ 800. ಗಂಟೆಗೆ 40 ಕಿ.ಮೀ. ದಾಟಿದ ಕೂಡಲೇ ಹಿಂದಿನಿಂದ ಸದ್ದು. ಮನೆಯ ಯಜಮಾನರು ಕಂಡುಕೊಂಡಿದ್ದ ಪರಿಹಾರವೆಂದರೆ ರೇಡಿಯೋದ ಧ್ವನಿಯನ್ನು ಏರಿಸುವುದು! ಅವರ ಮಗಳು ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿನಿ, ಹಿಂದಿನ ಸೀಟಿನಲ್ಲಿ ಕೂರುವವಳು ಅವಳೇ ಆದ್ದರಿಂದ ಸದ್ದು ಅವಳಿಗೇ ಹೆಚ್ಚು ಕೇಳುತ್ತಿತ್ತು. ಒಂದು ಸಂಜೆ ಅವಳು ತಾತನ ಹತ್ತಿರ ಹೇಳಿದಳು: "ತಾತ, ಕಾರು ಬಲಕ್ಕೆ ತಿರುಗಿದಾಗ ಸದ್ದು ಜಾಸ್ತಿ ಆಗುತ್ತೆ, ಎಡಕ್ಕೆ ತಿರುಗಿದಾಗ ಕಮ್ಮಿ."

"ಹಂಗಾದ್ರೆ ಎಡಗಡೇದೇ ಕಣಮ್ಮ ಹೋಗಿರೋದು," ಎಂದರು ತಾತ.

ತಾತ ಜಾಲಹಳ್ಳಿಯ ಎಚ್.ಎಂ.ಟಿ.ಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. 1953ರಲ್ಲಿ ಆರಂಭವಾದ ಆ ಕಾರ್ಖಾನೆ ಯಂತ್ರಗಳನ್ನೇ ತಯಾರಿಸುವ ಯಂತ್ರಗಳನ್ನು ಮಾಡಿತು. 1961ರಿಂದ ಕೈಗಡಿಯಾರಗಳನ್ನೂ ಮಾಡಿತು. ಗಡಿಯಾರ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿದರೂ, ಅಲ್ಲಿ ಕೈ ಪಳಗಿಸಿಕೊಂಡ ಹಿರಿಯರು ಯಶವಂತಪುರ, ಮತ್ತಿಕೆರೆ, ಪೀಣ್ಯದ ಬೀದಿಗಳಲ್ಲಿ ಇನ್ನೂ ಇದ್ದಾರೆ. ಅವರು ನಟ್ಟನ್ನು ಬಿಗಿಮಾಡುವ ರೀತಿಯೇ ಬೇರೆ.

ತಾತನ ಉತ್ತರದಲ್ಲಿ ಜ್ಯೋತಿಷ್ಯವೇನೂ ಇರಲಿಲ್ಲ. ಕಾರು ಬಲಕ್ಕೆ ತಿರುಗಿದಾಗ ಅದರ ಭಾರ ಎಡಗಡೆಯ ಚಕ್ರಗಳ ಮೇಲೆ ವಾಲುತ್ತದೆ. ಬಸ್ಸಿನಲ್ಲಿ ನಿಂತವರು ವಾಲುವುದೂ ಹಾಗೆಯೇ. ಭಾರ ಹೆಚ್ಚಾದ ಕಡೆ ಕೆಟ್ಟ ಬೇರಿಂಗ್ ಹೆಚ್ಚು ಕೂಗುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ಜಡತ್ವದ ಪಾಠವನ್ನು ಓದಿ ಪೂರ್ಣ ಅಂಕ ತೆಗೆದವರೆಷ್ಟೋ ಮಂದಿ ಇದನ್ನು ತಮ್ಮ ಕಾರಿನಲ್ಲಿ ಗುರುತಿಸಲಾರರು.

ತಂದೆಗೆ ಇದು ರುಚಿಸಲಿಲ್ಲ. "ಗ್ಯಾರೇಜಿಗೆ ಬಿಟ್ಟರಾಯ್ತು. ನಿಂಗೆ ಪರೀಕ್ಷೆ ಹತ್ತಿರ ಇದೆ, ಹೋಗಿ ಓದ್ಕೋ," ಎಂದರು ಮಗಳಿಗೆ. ಆದರೆ ಅದೇ ಚಕ್ರಕ್ಕೆ ಎಂಟು ತಿಂಗಳ ಹಿಂದಷ್ಟೇ ಒಂದು ಗ್ಯಾರೇಜಿನಲ್ಲಿ ಹೊಸ ಬೇರಿಂಗ್ ಹಾಕಿಸಿದ್ದರು. ವರ್ಷಗಟ್ಟಲೆ ಬಾಳಬೇಕಾದದ್ದು ಎಂಟು ತಿಂಗಳಿಗೇ ಕೂಗುವುದೇಕೆ? ತಾತ ಮಗನಿಗೆ ಹೇಳಿದ್ದು ಇಷ್ಟೇ: "ಅದನ್ನ ಬಿಚ್ಚಿ ನೋಡೋದೂ ಓದೇ ಕಣೋ."

ಬೇರಿಂಗ್ ಎಂದರೆ ಒಂದರೊಳಗೊಂದು ಎರಡು ಉಕ್ಕಿನ ಬಳೆಗಳು, ನಡುವೆ ಗುಂಡುಗಳು. ನಮ್ಮ ಎತ್ತಿನ ಗಾಡಿಗೆ ಗುಂಡುಗಳಿರಲಿಲ್ಲ. ಚಕ್ರದ ಗುಂಬ ಅಚ್ಚಿನ ಮೇಲೆ ನೇರವಾಗಿ ಉಜ್ಜುತ್ತಿತ್ತು. ಗಾಡಿಯ ಅಡಿಯಲ್ಲಿ ತೂಗುವ ಗೊಟ್ಟದಿಂದ ಕೀಲೆಣ್ಣೆ ತೆಗೆದು ಬಳಿಯದಿದ್ದರೆ ಊರಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತಿತ್ತು. ಉಜ್ಜುವುದರ ಬದಲು ಉರುಳುವಂತೆ ಮಾಡಿದರೆ ಘರ್ಷಣೆ ಎಷ್ಟೋ ಪಾಲು ತಗ್ಗುತ್ತದೆ. ಗಾಡಿಯ ಅಚ್ಚಿಗೆ ಗುಂಡುಗಳನ್ನು ಅಳವಡಿಸುವ ಪೇಟೆಂಟನ್ನು ವೇಲ್ಸ್‌ನ ಫಿಲಿಪ್ ವಾನ್ ಪಡೆದದ್ದು 1794ರಲ್ಲಿ. ಇಂದಿನ ಬೇರಿಂಗಿನ ಗುಂಡುಗಳು ಮೈಕ್ರಾನ್ ಲೆಕ್ಕದಲ್ಲಿ ದುಂಡಗಿರುತ್ತವೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಆ ಉಕ್ಕಿನಲ್ಲಿ ಸುಮಾರು ಶೇ. 1ರಷ್ಟು ಇಂಗಾಲ, ಶೇ. 1.5ರಷ್ಟು ಕ್ರೋಮಿಯಂ ಇರುತ್ತದೆ. ಬಲು ಗಡಸು.

ಗಡಸಾದರೂ ಅದಕ್ಕೊಂದು ದುರ್ಬಲ ಜಾಗವಿದೆ. ಗುಂಡು ಬಳೆಯನ್ನು ಮುಟ್ಟುವುದು ಚುಕ್ಕೆಯಷ್ಟು ಜಾಗದಲ್ಲಿ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ, ಅಲ್ಲವೇ? ವಿಸ್ತೀರ್ಣ ಚುಕ್ಕೆಯಷ್ಟಾದರೆ ಒತ್ತಡ ಅಪಾರವಾಗುತ್ತದೆ. ಈ ಕಾರಿನ ಹಿಂಚಕ್ರದ ಡ್ರಮ್ಮಿನಲ್ಲಿ ಬಿಗಿಯಾಗಿ ಕೂರಬೇಕಾದದ್ದು ಹೊರಬಳೆ. ಅದನ್ನು ಬಿಟ್ಟು ಒಳಬಳೆಯ ಮೇಲೆ ಸುತ್ತಿಗೆಯಿಂದ ಬಡಿದರೆ ಪೆಟ್ಟೆಲ್ಲ ಗುಂಡುಗಳ ಮೂಲಕವೇ ಹಾದುಹೋಗಬೇಕು. ಗುಂಡು ಇದ್ದಲ್ಲೆಲ್ಲ ಬಳೆಯ ಮೇಲೆ ಕಣ್ಣಿಗೆ ಕಾಣದಂಥ ಕುಳಿ ಬೀಳುತ್ತದೆ. ಬೇರಿಂಗ್ ಹೊಸದಾಗಿಯೇ ಕಾಣುತ್ತದೆ, ಸಲೀಸಾಗಿ ತಿರುಗುತ್ತದೆ, ಬಿಲ್ಲೂ ಪಾವತಿಯಾಗುತ್ತದೆ. ಚಕ್ರದ ವ್ಯಾಸ ಸುಮಾರು ಅರ್ಧ ಮೀಟರ್. ಅಂದರೆ ಕಿಲೋಮೀಟರಿಗೆ ಆರುನೂರಕ್ಕೂ ಹೆಚ್ಚು ಸುತ್ತು. ತುಮಕೂರಿಗೆ ಒಮ್ಮೆ ಹೋಗುವಷ್ಟರಲ್ಲಿ ಸುಮಾರು ನಲವತ್ತು ಸಾವಿರ ಸಲ ಗುಂಡುಗಳು ಆ ಕುಳಿಗಳ ಮೇಲೆ ಕುಪ್ಪಳಿಸಿರುತ್ತವೆ.

ಭಾನುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ತಾತ ಕುರ್ಚಿಯಲ್ಲಿ, ತಂದೆ ಮಗಳು ನೆಲದ ಮೇಲೆ. ತಾತ ಮೊದಲು ಕೇಳಿದ್ದು ಸ್ಪ್ಯಾನರನ್ನಲ್ಲ, ಮುಂದಿನ ಚಕ್ರಗಳಿಗೆ ಕೊಡುವ ಮರದ ಅಡ್ಡಗಟ್ಟೆಗಳನ್ನು. ಹಿಂದಿನ ಡ್ರಮ್ ಕಳಚಬೇಕಾದರೆ ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಹಾಗಾಗಿ ಕಾರನ್ನು ಹಿಡಿದು ನಿಲ್ಲಿಸುವುದು ಈ ಅಡ್ಡಗಟ್ಟೆಗಳು ಮತ್ತು ಫಸ್ಟ್ ಗೇರ್. ಎಂಜಿನ್ ಮುಂದಿನ ಚಕ್ರಗಳನ್ನು ಎಳೆಯುವ ಕಾರಾದ್ದರಿಂದ ಗೇರ್ ಆ ಚಕ್ರಗಳನ್ನು ತಡೆಯುತ್ತದೆ. ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಬೇಕು. ಜಾಕಿ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಎತ್ತಿದ ಕೂಡಲೇ ಉಕ್ಕಿನ ಸ್ಟ್ಯಾಂಡಿನ ಮೇಲೆ ಇಳಿಸಬೇಕು. ಇಟ್ಟಿಗೆ, ಸೈಜುಗಲ್ಲುಗಳನ್ನು ಜೋಡಿಸಿ ಕಾರಿನಡಿ ನುಸುಳುವ ಧೈರ್ಯವನ್ನು ಧೈರ್ಯವೆನ್ನಲಾಗದು. ಕಲ್ಲು ಸೀಳುವ ಮುನ್ನ ಯಾರಿಗೂ ಹೇಳಿ ಸೀಳುವುದಿಲ್ಲ. ಸ್ಟ್ಯಾಂಡ್ ಇಲ್ಲದವರು ಈ ಕೆಲಸಕ್ಕೆ ಕೈಹಾಕಬಾರದು. ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದ ಊದಲೂ ಬಾರದು. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇದ್ದಿರಬಹುದು, ಅದು ಶ್ವಾಸಕೋಶಕ್ಕೆ ವಿಷ; ಒದ್ದೆ ಬಟ್ಟೆಯಿಂದ ಒರೆಸುವುದೇ ಸರಿ.

ಹಳೆಯ ಬೇರಿಂಗನ್ನು ಹೊರಗೆ ತೆಗೆಯಲು ಸುತ್ತಿಗೆ ಮತ್ತು ಉಕ್ಕಿನ ಸರಳು ಸಾಕಾಯಿತು. ಗುಜರಿಗೆ ಹೋಗುವ ವಸ್ತುವಿಗೆ ಎಲ್ಲಿ ಪೆಟ್ಟು ಬಿದ್ದರೇನು! ಹೊರಬಂದದ್ದನ್ನು ತಾತ ಎಸೆಯಲು ಬಿಡಲಿಲ್ಲ. ಮುಚ್ಚಳ ಕಿತ್ತು, ಸೀಮೆಎಣ್ಣೆಯಲ್ಲಿ ತೊಳೆದು, ಗುಂಡುಗಳನ್ನು ಹಿಡಿದಿದ್ದ ತಗಡಿನ ಪಂಜರವನ್ನು ಕತ್ತರಿಸಿ, ಗುಂಡುಗಳನ್ನೆಲ್ಲ ಒಂದೇ ಪಕ್ಕಕ್ಕೆ ಸರಿಸಿದಾಗ ಒಳಬಳೆ ತಾನಾಗಿ ಕೈಗೆ ಬಂತು. (ಕಾರ್ಖಾನೆಯಲ್ಲಿ ಗುಂಡು ತುಂಬುವುದೂ ಇದೇ ಉಪಾಯದಿಂದ.) ಭೂತಗನ್ನಡಿಯಲ್ಲಿ ನೋಡಿದರೆ ಹೊಳೆಯುವ ಹಾದಿಯ ಮೇಲೆ ಸಮಾನ ಅಂತರದಲ್ಲಿ ಕುಳಿಗಳು. ಎರಡು ಕುಳಿಗಳ ನಡುವಿನ ದೂರ ಎರಡು ಗುಂಡುಗಳ ನಡುವಿನ ದೂರಕ್ಕೆ ಸರಿಯಾಗಿತ್ತು. ಕುಳಿಗಳ ಸುತ್ತ ಉಕ್ಕು ಸಿಪ್ಪೆ ಏಳಲು ತೊಡಗಿತ್ತು. ತಂದೆ ಗನ್ನಡಿಯನ್ನು ಬಹಳ ಹೊತ್ತು ಕೆಳಗಿಡಲಿಲ್ಲ.

ಗ್ಯಾರೇಜಿನ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಹನ್ನೆರಡೋ ಹದಿಮೂರೋ ವರ್ಷಕ್ಕೆ ಶಾಲೆ ಬಿಟ್ಟವನ ಕೈಗೆ ಯಾರೋ ಸುತ್ತಿಗೆ ಕೊಟ್ಟಿರುತ್ತಾರೆ. ಬಲ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹೇಳಿಕೊಟ್ಟವರಿರುವುದಿಲ್ಲ, ಪ್ರೆಸ್ ಕೊಂಡುಕೊಟ್ಟವರೂ ಇರುವುದಿಲ್ಲ. ಅದನ್ನು ತಿಳಿದವರು ಎಂಜಿನಿಯರಿಂಗ್ ಓದಿ ಸುತ್ತಿಗೆಯನ್ನೇ ಮುಟ್ಟದವರಾಗಿರುತ್ತಾರೆ.

ಹೊಸ ಬೇರಿಂಗ್ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಬಂದಿತ್ತು. ಅದರ ಮೇಲಿನ ಅಂಕಿಯನ್ನು ಓದಲು ಕಲಿತರೆ ಮೋಸ ಹೋಗುವುದು ಕಡಿಮೆ. ಉದಾಹರಣೆಗೆ 6205 ಎಂದಿದ್ದರೆ ಕೊನೆಯ 05ನ್ನು ಐದರಿಂದ ಗುಣಿಸಿ, 25 ಮಿ.ಮೀ. ಎಂಬುದು ಒಳವ್ಯಾಸ. ಈ ಲೆಕ್ಕ 04ರಿಂದ ಮೇಲಿನ ಅಂಕಿಗಳಿಗೆ ಸರಿಹೋಗುತ್ತದೆ. ಬೇರಿಂಗುಗಳು ಹಿಂದಿನ ರಾತ್ರಿಯೇ ಪ್ಲಾಸ್ಟಿಕ್ ಚೀಲದಲ್ಲಿ ಫ್ರೀಜರ್ ಸೇರಿದ್ದವು. "ಮಾವ, ಗ್ರೀಸ್ ಏನಾದ್ರೂ ಐಸ್ ಟ್ರೇಗೆ ತಾಗಿದ್ರೆ ನೋಡಿ ಮತ್ತೆ," ಎಂದು ಸೊಸೆಯ ಎಚ್ಚರಿಕೆಯೂ ಆಗಿತ್ತು. 25 ಡಿಗ್ರಿಯಿಂದ ಮೈನಸ್ 15ಕ್ಕೆ ತಣಿದಾಗ 52 ಮಿ.ಮೀ. ಹೊರವ್ಯಾಸದ ಉಕ್ಕಿನ ಬಳೆ ಸುಮಾರು 25 ಮೈಕ್ರಾನ್ ಕುಗ್ಗುತ್ತದೆ. ಲೆಕ್ಕ ಮಾಡಿದ್ದು ಮೊಮ್ಮಗಳು. ಉಕ್ಕಿನ ವ್ಯಾಕೋಚನ ಗುಣಾಂಕ ಅವಳ ಪುಸ್ತಕದಲ್ಲೇ ಇತ್ತು. ಕೂದಲೆಳೆಗಿಂತ ಸಣ್ಣದಾದ ಈ ಅಂತರವೇ ಬಿಗಿಯಾಗಿ ಕೂರುವ ಕಡೆ ದೊಡ್ಡ ಸಹಾಯ. ಡ್ರಮ್ಮನ್ನು ಬಿಸಿಲಿಗೆ ಇಟ್ಟಿದ್ದರು.

ಕೂರಿಸಲು ಬಳಸಿದ್ದು 12 ಮಿ.ಮೀ. ದಪ್ಪದ ಉದ್ದನೆಯ ಬೋಲ್ಟು, ದಪ್ಪ ವಾಷರುಗಳು, ಹೊರಬಳೆಯ ಅಂಚಿಗೆ ಮಾತ್ರ ತಾಗುವಂತೆ ಪೀಣ್ಯದ ಲೇತಿನಲ್ಲಿ ಕಡೆಸಿದ ಒಂದು ಉಕ್ಕಿನ ಬಳೆ. ನಟ್ಟು ತಿರುಗಿಸಿದಂತೆ ಬೇರಿಂಗ್ ನೆಟ್ಟಗೆ ಒಳಗೆ ಸರಿಯಿತು. ಒಂದು ಸುತ್ತಿಗೆ ನಟ್ಟು ಮುಂದೆ ಹೋಗುವುದು 1.75 ಮಿ.ಮೀ.; ಕಾಲು ಮೀಟರ್ ಸ್ಪ್ಯಾನರ್ ಹಿಡಿದ ಕೈ ಅಷ್ಟರಲ್ಲಿ ಒಂದೂವರೆ ಮೀಟರ್ ಸುತ್ತಿರುತ್ತದೆ. ಘರ್ಷಣೆ ಬಹುಪಾಲನ್ನು ನುಂಗಿದರೂ, ಕೈಯಿಂದ ಹತ್ತು ಕಿಲೋ ತೂಕದಷ್ಟು ಬಲ ಹಾಕಿದರೆ ಬೋಲ್ಟು ಸುಮಾರು ಒಂದು ಟನ್ನಿನಷ್ಟು ಎಳೆಯುತ್ತದೆ. ಪೆಟ್ಟಿಲ್ಲ, ಸದ್ದಿಲ್ಲ. ಎರಡು ಬೇರಿಂಗುಗಳ ನಡುವಿನ ಕೊಳವೆಯಂಥ ಸ್ಪೇಸರನ್ನು ಮರೆಯದೆ ಹಾಕಿ, ಹೊಸ ಸೀಲ್ ಕೂರಿಸಿ, ಕೊನೆಯ ನಟ್ಟನ್ನು ಕೈಪಿಡಿಯಲ್ಲಿ ಕೊಟ್ಟ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿದದ್ದು ತಂದೆ. ಹಳೆಯ ಸ್ಪ್ಲಿಟ್ ಪಿನ್ನನ್ನೇ ನೆಟ್ಟಗೆ ಮಾಡಿ ಹಾಕಹೋದಾಗ ತಾತ ಮೊದಲ ಬಾರಿ ಕುರ್ಚಿ ಬಿಟ್ಟೆದ್ದರು. ಒಮ್ಮೆ ಬಗ್ಗಿಸಿದ ಪಿನ್ ಮತ್ತೆ ಬಗ್ಗಿಸಿದರೆ ಮುರಿಯುತ್ತದೆ. ಅದು ಮುರಿದು ನಟ್ಟು ಸಡಿಲಾದರೆ ಚಕ್ರವೇ ಕಳಚಬಹುದು. ಹೊಸ ಪಿನ್ನಿನ ಬೆಲೆ ಒಂದು ಕಾಫಿಗಿಂತ ಕಡಿಮೆ.

ಎಲ್ಲ ಚಕ್ರಗಳೂ ಹೀಗೆ ಮನೆಯಲ್ಲಿ ಆಗುವಂಥವಲ್ಲ. ಇದೇ ಕಾರಿನ ಮುಂಚಕ್ರಕ್ಕೆ ಹೈಡ್ರಾಲಿಕ್ ಪ್ರೆಸ್ ಇರುವ ಕಡೆಗೆ ಹೋಗುವುದೇ ವಾಸಿ. ಹೊಸ ಕಾರುಗಳಲ್ಲಿ ಬೇರಿಂಗಿನ ಒಂದು ಪಕ್ಕದ ಸೀಲಿನಲ್ಲೇ ಎ.ಬಿ.ಎಸ್. ಬ್ರೇಕಿಗೆ ಬೇಕಾದ ಕಾಂತಪಟ್ಟಿ ಅಡಗಿರುವುದುಂಟು. ತಿರುಗಾಮುರುಗಾ ಹಾಕಿದರೆ ಬ್ರೇಕಿನ ಆ ವ್ಯವಸ್ಥೆಯೇ ಕುರುಡಾಗುತ್ತದೆ. ಎಲ್ಲಿ ನಿಲ್ಲಿಸಿ ಪ್ರೆಸ್ ಇರುವವರ ಬಳಿ ಹೋಗಬೇಕೆಂದು ತಿಳಿದಿರುವುದೂ ಫಿಟ್ಟರನ ವಿದ್ಯೆಯೇ ಎಂದು ತಾತನ ಅಭಿಪ್ರಾಯ.

ಮಧ್ಯಾಹ್ನ ಊಟಕ್ಕೆ ಮುಂಚೆ ತುಮಕೂರು ರಸ್ತೆಯಲ್ಲಿ ಗೊರಗುಂಟೆಪಾಳ್ಯ ದಾಟಿ ಒಂದು ಸುತ್ತು ಹೋಗಿ ಬಂದರು. ತಂದೆ ರೇಡಿಯೋ ಹಾಕಲಿಲ್ಲ. ಮನೆಗೆ ಬಂದ ಮೇಲೆ ಡ್ರಮ್ಮಿನ ನಡುಭಾಗವನ್ನು ಕೈಯಿಂದ ಮುಟ್ಟಿ ನೋಡಿದ್ದಾಯಿತು, ಬೆಚ್ಚಗಿತ್ತು ಅಷ್ಟೇ. ಬಲಗಡೆಯ ಚಕ್ರಕ್ಕೂ ಎಂಟು ತಿಂಗಳ ಹಿಂದೆ ಅದೇ ಗ್ಯಾರೇಜಿನಲ್ಲಿ ಕೆಲಸವಾಗಿತ್ತು. ಅದು ಇನ್ನೂ ಕೂಗಿಲ್ಲ. ಅದನ್ನು ಬಿಚ್ಚಲು ಪರೀಕ್ಷೆ ಮುಗಿದ ಮೇಲಿನ ಮೊದಲ ಭಾನುವಾರವನ್ನು ಗೊತ್ತುಮಾಡಿದ್ದಾರೆ. ದಿನ ಗೊತ್ತುಮಾಡಿದವರು ತಂದೆ.