ಅಜ್ಜನ ಹೊಳೆ, ಮೊಮ್ಮಗಳ ಹೊಳೆ

ಹೊಳೆಯೆಂದರೆ ನನಗೆ ತೀರ್ಥಹಳ್ಳಿಯ ತುಂಗೆ. ಮೆಹದಿಪಟ್ಟಣಂಗೆ ಬಂದು ಮೂವತ್ತು ವರ್ಷವಾದರೂ ಮೂಸಿಯನ್ನು ಹೊಳೆಯೆನ್ನಲು ನಾಲಗೆ ಏಳಲಿಲ್ಲ. ಅತ್ತಾಪುರದ ಸೇತುವೆ ದಾಟುವಾಗ ಮೂಗಿಗೆ ಕರವಸ್ತ್ರ ಹಿಡಿಯುವುದಷ್ಟೇ ನನಗೂ ಅದಕ್ಕೂ ಇದ್ದ ಸಂಬಂಧ.

ಕಳೆದ ವರ್ಷ ಏಳನೆಯ ತರಗತಿಯ ಮೊಮ್ಮಗಳಿಗೆ, ಹತ್ತಿರದ ಹೊಳೆಯ ಜೀವಿಗಳನ್ನು ನೋಡಿ ಬರೆಯುವ ಕೆಲಸ ಬಂತು. "ರಜೆಯಲ್ಲಿ ಊರಿಗೆ ಹೋಗುತ್ತೇವಲ್ಲ ಪುಟ್ಟಿ, ತುಂಗೆಯ ಮೇಲೆ ಬರೆ" ಎಂದೆ. "ಹತ್ತಿರದ್ದೇ ಆಗಬೇಕಜ್ಜ" ಎಂದಳು. ಸರಿ, ಚಹಾ ಸೋಸುವ ಜಾಲರಿ, ಬಿಳಿ ತಟ್ಟೆ, ರಬ್ಬರಿನ ಕೈಗವಸು ಹಿಡಿದು ಲಂಗರ್ ಹೌಸಿನ ಬಾಪುಘಾಟಿಗೆ ಹೊರಟೆವು. ಈಸಿ ಬಂದು ಮೂಸಿಯನ್ನು ಕೂಡುವ ಸಂಗಮವದು. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮ ಬಿಟ್ಟ ಜಾಗ.

ದಡದ ಕೆಸರನ್ನು ಜಾಲಿಸಿ ತಟ್ಟೆಗೆ ಹಾಕಿದರೆ ದಾರದಂಥ ಕೆಂಪು ಹುಳುಗಳು, ಬೇರೇನೂ ಇಲ್ಲ. ಸೊಳ್ಳೆಯಂತೆ ಕಂಡರೂ ಕಚ್ಚದ ಒಂದು ಕೀಟದ ಮರಿಗಳಂತೆ. ನಮ್ಮ ರಕ್ತದಲ್ಲಿರುವಂಥ ಹಿಮೊಗ್ಲೋಬಿನ್ ಅವಕ್ಕೂ ಇರುವುದರಿಂದ, ಆಮ್ಲಜನಕ ತೀರ ಕಡಿಮೆಯಿದ್ದಲ್ಲೂ ಬದುಕುತ್ತವೆ. ಮನೆಗೆ ತಂದ ಒಂದು ಬಾಟಲಿ ಮೂಸಿಯ ನೀರಿಗೂ, ಒಂದು ಬಾಟಲಿ ನಲ್ಲಿ ನೀರಿಗೂ ಮೆಥಿಲೀನ್ ನೀಲಿಯ ಹನಿ ಹಾಕಿ, ಬಿರಡೆ ಜಡಿದು ಕತ್ತಲಲ್ಲಿಟ್ಟೆವು. ನೀರಿನ ಆಮ್ಲಜನಕವನ್ನು ಬ್ಯಾಕ್ಟೀರಿಯಾಗಳು ತಿಂದು ಮುಗಿಸಿದರೆ ಬಣ್ಣ ಹೋಗುತ್ತದೆ. ಬೆಳಗಾಗುವಷ್ಟರಲ್ಲಿ ಮೂಸಿಯ ನೀಲಿ ಮಾಯ.

ನಾನು ಸುಮ್ಮನಿರಲಾರದೆ, 1908ರ ಪ್ರವಾಹದ ಮೇಲೆ ನಮ್ಮ ವಿಶ್ವೇಶ್ವರಯ್ಯನವರು ಬಂದು ಯೋಜನೆ ಹಾಕಿಕೊಟ್ಟದ್ದು, 1920ರಲ್ಲಿ ಮೂಸಿಗೆ ಉಸ್ಮಾನ್ ಸಾಗರ, 1927ರಲ್ಲಿ ಈಸಿಗೆ ಹಿಮಾಯತ್ ಸಾಗರ ಮುಗಿದದ್ದು, ಎಲ್ಲ ಹೇಳಿದೆ. ಸಂಘದ ಸಭೆಯಲ್ಲಾದರೆ ಇದಕ್ಕೆ ಚಪ್ಪಾಳೆ ಬೀಳುತ್ತದೆ. ಅವಳು, "ಹಾಗಾದರೆ ಹೊಳೆಯ ನೀರು ಮೇಲೆಯೇ ನಿಂತಿತಲ್ಲ, ಇಲ್ಲಿ ಹರಿಯುವುದು ಯಾವ ನೀರು?" ಎಂದಳು.

ಬಾಗಿಲು ತೆರೆಯುವ ಮಳೆಗಾಲದ ದಿನಗಳನ್ನು ಬಿಟ್ಟರೆ, ಹೆಚ್ಚಿನದು ನಮ್ಮ ಮನೆಗಳ ಚರಂಡಿ ನೀರೇ. ವಿಶ್ವೇಶ್ವರಯ್ಯನವರನ್ನು ದೂರುವಂತಿಲ್ಲ; ಊರಿನ ಒಳಚರಂಡಿಗೂ ಅವರು ಯೋಜನೆ ಮಾಡಿಕೊಟ್ಟಿದ್ದರು. ಆಮೇಲೆ ಊರು ಬೆಳೆದದ್ದು ನಮ್ಮಂಥವರು ಬಂದು ಬಂದು. ಮೂವತ್ತು ವರ್ಷ ಮೂಗು ಮುಚ್ಚಿಕೊಂಡದ್ದು ನಮ್ಮ ಬಚ್ಚಲ ನೀರಿಗೇ ಎಂದು ಆ ಮಗುವಿನೆದುರು ಒಪ್ಪಿಕೊಳ್ಳಲು ಸ್ವಲ್ಪ ಕಷ್ಟವಾಯಿತು.

ಸಂಕ್ರಾಂತಿಗೆ ಊರಿಗೆ ಹೋದಾಗ ತುಂಗೆಯ ಕಲ್ಲುಗಳನ್ನು ಮಗುಚಿದಳು. ಬಾಲಕ್ಕೆ ಮೂರು ಎಳೆಯಿರುವ ಮೇಫ್ಲೈ ಮರಿಗಳು, ಏರೋಪ್ಲೇನ್ ಚಿಟ್ಟೆಯ ಮರಿ, ಪುಟ್ಟ ಶಂಖದ ಹುಳು! ನಾನು ಬೀಗಿದೆ. ಅವಳು ಪುಸ್ತಕದಲ್ಲಿ ಅವನ್ನೆಲ್ಲ ಅಂದವಾಗಿ ಬರೆದು, ಮೇಲೆ 'ಅಜ್ಜನ ಹೊಳೆ' ಎಂದು ಹೆಸರು ಕೊಟ್ಟಳು. ಎದುರು ಪುಟದಲ್ಲಿ ಆ ಕೆಂಪು ಹುಳು ಒಂದೇ ಇತ್ತು. ಅದರ ಮೇಲೆ 'ನನ್ನ ಹೊಳೆ' ಎಂದಿತ್ತು.