ಮಾಮು ಅಂಗಡಿಯ ನೋಕಿಯಾ ಡ್ರಾಯರ್

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ 'ವ್ಯವಹಾರ ಪರಿಸರ' ಎಂಬ ಪಾಠವಿದೆ. ಸುತ್ತಲಿನ ತಂತ್ರಜ್ಞಾನ ಬದಲಾದಾಗ ಬದಲಾಗದ ಕಂಪನಿ ಉಳಿಯುವುದಿಲ್ಲ ಎಂದು ವಿವರಿಸುತ್ತ ಸರ್ ಉದಾಹರಣೆಗೆ ನೋಕಿಯಾದ ಹೆಸರು ಹೇಳಿದರು. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು. ನನಗೆ ಮಾತ್ರ ಸಾಕಾಗಲಿಲ್ಲ. ಆಗುಂಬೆಯಲ್ಲಿ ನನ್ನ ಮಾಮು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಅಲ್ಲಿನ ಮೇಜಿನ ಕೆಳಗಿನ ಡ್ರಾಯರಿನ ತುಂಬ ನೋಕಿಯಾ ಫೋನುಗಳೇ ಇವೆ. ಭಾನುವಾರ ನಾನು ಅಂಗಡಿಯಲ್ಲಿ ಕೂರುತ್ತೇನೆ. ಆ ಡ್ರಾಯರ್ ಎಳೆದಾಗಲೆಲ್ಲ, ಇಷ್ಟು ಗಟ್ಟಿ ಸಾಮಾನು ಮಾಡುತ್ತಿದ್ದವರು ಹೇಗೆ ಸೋತರು ಎಂಬ ಪ್ರಶ್ನೆ ಬಂದೇ ಬರುತ್ತದೆ.

ಡ್ರಾಯರಿನಲ್ಲಿ 1100 ಇವೆ, 1600 ಇವೆ, ಬೆನ್ನು ಕಿತ್ತುಹೋದ 3310 ಒಂದಿದೆ, ದುಬೈಯಿಂದ ಯಾರೋ ತಂದುಕೊಟ್ಟ 6600 ಇದೆ. ರಿಪೇರಿಗೆ ಕೊಟ್ಟವರು ಮತ್ತೆ ಬರಲಿಲ್ಲ. ಕೆಲವಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ ಚೀಟಿ ಇನ್ನೂ ಹಾಗೇ ಇದೆ. ಶಾಯಿ ಹರಡಿ ಹೆಸರು ಓದಲು ಬರುವುದಿಲ್ಲ. ಎಸೆಯೋಣ ಎಂದರೆ ಮಾಮು ಒಪ್ಪುವುದಿಲ್ಲ. "ಅದು ಅಮಾನತ್ತು, ಬೇಟಿ. ಅವರು ಬಂದು ಕೇಳಿದರೆ ಎಂತ ಹೇಳುವುದು?" ಎನ್ನುತ್ತಾರೆ. ಹದಿನೈದು ವರ್ಷದಿಂದ ಯಾರೂ ಕೇಳಿಲ್ಲ.

ನೋಕಿಯಾ ಫೋನಿನಿಂದ ಶುರುವಾದ ಕಂಪನಿಯಲ್ಲ. 1865ರಲ್ಲಿ ಫಿನ್ಲೆಂಡಿನಲ್ಲಿ ಫ್ರೆಡ್ರಿಕ್ ಇಡೆಸ್ಟಾಮ್ ಎಂಬ ಗಣಿ ಎಂಜಿನಿಯರ್ ಕಾಗದದ ತಿರುಳಿನ ಗಿರಣಿ ಹಾಕಿದ್ದು ಅದರ ಆರಂಭ. ನೋಕಿಯಾ ಎನ್ನುವುದು ಅಲ್ಲಿನ ಒಂದು ಊರಿನ ಹೆಸರು. ಮುಂದೆ ಆ ಹೆಸರಿನಲ್ಲಿ ಕೇಬಲ್ ಬಂತು, ಟೈರ್ ಬಂತು, ರಬ್ಬರ್ ಬೂಟು ಕೂಡ ಬಂತು. ಬೂಟಿನ ವಿಷಯ ಹೇಳಿದಾಗ ಮಾಮು ಜೋರಾಗಿ ನಕ್ಕರು. "ಅದನ್ನೇ ಆಗುಂಬೆಗೆ ಕಳಿಸಿದ್ದರೆ ಇವತ್ತಿಗೂ ಓಡುತ್ತಿತ್ತು!" 1998ರಲ್ಲಿ ಅದು ಮೊಟೊರೊಲಾವನ್ನು ಹಿಂದೆ ಹಾಕಿ ಜಗತ್ತಿನ ಅತಿ ದೊಡ್ಡ ಮೊಬೈಲ್ ತಯಾರಕ ಕಂಪನಿಯಾಯಿತು. ಭಾರತದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಕಲ್ಕತ್ತದಿಂದ ಜ್ಯೋತಿ ಬಸು ದೆಹಲಿಯ ಸುಖ್ ರಾಮ್ ಅವರೊಡನೆ ಮಾತಾಡಿದ್ದು ನೋಕಿಯಾ ಫೋನಿನಲ್ಲೇ.

ನಮ್ಮ ಕಡೆಗೆ ಮೊಬೈಲ್ ಬಂದದ್ದು ಎಷ್ಟೋ ತಡವಾಗಿ. ಬಂದಾಗ ಸರಿಯಾದ ಫೋನೇ ಬಂತು. 2003ರಲ್ಲಿ ಬಿಡುಗಡೆಯಾದ ನೋಕಿಯಾ 1100 ನಮ್ಮಂಥ ದೇಶಗಳಿಗೆಂದೇ ಮಾಡಿದ ಫೋನ್. ಧೂಳು ಒಳಗೆ ಹೋಗದ ಹಾಗೆ ಒಂದೇ ಹಾಳೆಯಂಥ ಕೀಪ್ಯಾಡ್, ಒದ್ದೆ ಕೈಯಿಂದ ಜಾರದ ಹಾಗೆ ಉರುಟು ಅಂಚು, ತಲೆಯಲ್ಲಿ ಟಾರ್ಚ್. ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಅದರ ಬೆಲೆ ತಿಳಿಯಬೇಕಾದರೆ ಆಗುಂಬೆಯ ಮಳೆಗಾಲ ನೋಡಿರಬೇಕು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಇದು. ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ರಾತ್ರಿ ತೋಟದಲ್ಲಿ ಏನೋ ಸದ್ದಾದರೂ, ನಸುಕಿನಲ್ಲಿ ಫಜರ್ ನಮಾಜಿಗೆ ಹೊರಟರೂ ಕೈಯಲ್ಲಿ ಅದೇ ಟಾರ್ಚು. ಒಂದು ಸಲ ಚಾರ್ಜ್ ಮಾಡಿದರೆ ದಿನಗಟ್ಟಲೆ ಬರುತ್ತಿತ್ತು.

ಮಾಮು ಕೆಲಸ ಕಲಿತದ್ದೂ ಅದೇ ಫೋನಿನ ಮೇಲೆ. ಶಿವಮೊಗ್ಗದ ಅಂಗಡಿಯೊಂದರಲ್ಲಿ ಆರು ತಿಂಗಳು ಟೀ ತಂದುಕೊಟ್ಟು, ಪಕ್ಕದಲ್ಲಿ ನಿಂತು ನೋಡಿ ಕಲಿತರು. ನೀರಿಗೆ ಬಿದ್ದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುವುದು ಅವರ ಪ್ರಕಾರ ಅಕ್ಕಿ ದಂಡ, ಫೋನೂ ದಂಡ. ತಕ್ಷಣ ಬ್ಯಾಟರಿ ತೆಗೆಯಬೇಕು, ಸ್ಕ್ರೂ ಬಿಚ್ಚಬೇಕು, ಬೋರ್ಡಿನ ಮೇಲಿನ ಹಸಿರು ಕಿಲುಬನ್ನು ಥಿನ್ನರಿನಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಬೇಕು, ಆಮೇಲೆ ಬಲ್ಬಿನ ಶಾಖಕ್ಕೆ ಇಡಬೇಕು. ಕರೆಂಟಿಲ್ಲದ ದಿನ ಅಜ್ಜಿಯ ಒಲೆಯ ಪಕ್ಕ, ಒಣಮೀನಿನ ಸಾಲಿನಲ್ಲಿ ನೋಕಿಯಾ ಬೋರ್ಡುಗಳೂ ಒಣಗುತ್ತಿದ್ದವಂತೆ. ಹತ್ತರಲ್ಲಿ ಎಂಟು ಮತ್ತೆ ಜೀವ ಹಿಡಿಯುತ್ತಿದ್ದವು ಎಂದು ಮಾಮು ಹೇಳುತ್ತಾರೆ. ಸ್ವಲ್ಪ ಹೆಚ್ಚು ಹೇಳುತ್ತಿರಬಹುದು.

ಅದರ ಬಿಎಲ್-5ಸಿ ಬ್ಯಾಟರಿಯದೇ ಒಂದು ಕಥೆ. 2007ರ ಆಗಸ್ಟಿನಲ್ಲಿ ನೋಕಿಯಾ ಒಂದು ಎಚ್ಚರಿಕೆ ಕೊಟ್ಟಿತು. ಜಪಾನಿನ ಮತ್ಸುಷಿತಾ ತಯಾರಿಸಿದ 4.6 ಕೋಟಿ ಬ್ಯಾಟರಿಗಳಲ್ಲಿ ಕೆಲವು ಚಾರ್ಜ್ ಮಾಡುವಾಗ ಬಿಸಿಯೇರಬಹುದು, ಬೇಕಾದರೆ ಬದಲಿಸಿಕೊಡುತ್ತೇವೆ ಎಂದಿತು. ಟಿವಿಯಲ್ಲಿ ಅದು ಬಾಂಬಿನ ಸುದ್ದಿಯಾಯಿತು. ಜನ ಫೋನನ್ನು ಟವೆಲಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದರಂತೆ. ಈಗ ನೋಡಿದರೆ ಅದೇ ಅಳತೆಯ ಬ್ಯಾಟರಿ ಎಲ್ಲೆಲ್ಲೂ ಇದೆ: ಪುಟ್ಟ ಎಫ್ಎಂ ರೇಡಿಯೊದಲ್ಲಿ, ಸಂತೆಯ ಬ್ಲೂಟೂತ್ ಸ್ಪೀಕರಿನಲ್ಲಿ, ಅಜ್ಜಿ ತಲೆದಿಂಬಿನ ಪಕ್ಕ ಇಟ್ಟುಕೊಳ್ಳುವ ಕುರ್‌ಆನ್ ಪಾರಾಯಣದ ಡಬ್ಬಿಯಲ್ಲಿ. ಫೋನ್ ಹೋದರೂ ಬ್ಯಾಟರಿ ಉಳಿಯಿತು.

ಇನ್ನು ಸೋತದ್ದು ಹೇಗೆ? ನೋಕಿಯಾಗೆ ಹೊಸದು ಗೊತ್ತಿರಲಿಲ್ಲ ಎನ್ನುವುದು ಸರಿಯಲ್ಲ. ಐಫೋನ್ ಮಾರಾಟಕ್ಕೆ ಬಂದದ್ದು 2007ರ ಜೂನ್‌ನಲ್ಲಿ. ಅದಕ್ಕೂ ಎರಡು ವರ್ಷ ಮೊದಲೇ, 2005ರಲ್ಲಿ, ನೋಕಿಯಾ ಪರದೆ ಮುಟ್ಟಿ ಬಳಸುವ 770 ಎಂಬ ಇಂಟರ್ನೆಟ್ ಟ್ಯಾಬ್ಲೆಟ್ ಮಾಡಿತ್ತು. ತಿಳಿದವರು ಅಲ್ಲಿದ್ದರು. ಆದರೆ ಹಳೆಯದು ಅಷ್ಟು ಚೆನ್ನಾಗಿ ಮಾರಾಟವಾಗುತ್ತಿದ್ದಾಗ ಅದನ್ನು ಬದಿಗೆ ಸರಿಸಲು ಯಾರಿಗೆ ಮನಸ್ಸು ಬರುತ್ತದೆ? ಅವರ ಸಿಂಬಿಯನ್ ವ್ಯವಸ್ಥೆ ಕೀಪ್ಯಾಡ್ ಫೋನಿಗಾಗಿ ಕಟ್ಟಿದ್ದು. ಅದನ್ನೇ ಹಿಗ್ಗಿಸಿ, ತೇಪೆ ಹಾಕಿ 2008ರಲ್ಲಿ 5800 ಎಂಬ ಟಚ್ ಫೋನ್ ತಂದರು. ಅಷ್ಟರಲ್ಲಿ ಗೂಗಲ್ ಆಂಡ್ರಾಯ್ಡ್ ತಂದು ಎಲ್ಲ ಕಂಪನಿಗಳಿಗೂ ಬಿಟ್ಟಿಯಾಗಿ ಕೊಟ್ಟಿತು. ಅಲ್ಲಿಂದ ಜನ ಫೋನಿಗಿಂತ ಅದರೊಳಗಿನ ಆ್ಯಪ್ ನೋಡಿ ಕೊಳ್ಳತೊಡಗಿದರು.

ನಮ್ಮ ಊರಿನ ಮಟ್ಟಿಗೆ ಅದಕ್ಕಿಂತ ಮೊದಲೇ ಇನ್ನೊಂದು ಏಟು ಬಿದ್ದಿತ್ತು. ಪುಸ್ತಕಗಳು ಇದನ್ನು ಅಷ್ಟಾಗಿ ಹೇಳುವುದಿಲ್ಲ, ಮಾಮು ಹೇಳುತ್ತಾರೆ. ಎರಡು ಸಿಮ್. ಘಟ್ಟದ ಮೇಲೆ ಮನೆಯಲ್ಲಿ ಒಂದು ಕಂಪನಿಯ ಸಿಗ್ನಲ್ ಸಿಕ್ಕಿದರೆ ತೀರ್ಥಹಳ್ಳಿ ಪೇಟೆಯಲ್ಲಿ ಇನ್ನೊಂದರ ದರ ಅಗ್ಗ. ಜನರ ಅಂಗಿ ಜೇಬಿನಲ್ಲಿ ಎರಡು ಫೋನ್ ಇರುತ್ತಿದ್ದವು. ಮೈಕ್ರೋಮ್ಯಾಕ್ಸ್ ಮತ್ತು ಹೆಸರೇ ಗೊತ್ತಿಲ್ಲದ ಚೀನಾ ಫೋನುಗಳು ಎರಡು ಸಿಮ್ಮಿನ ಜಾಗ ಇಟ್ಟುಕೊಂಡು ಬಂದವು. ನೋಕಿಯಾದ ಎರಡು ಸಿಮ್ಮಿನ ಫೋನುಗಳು ಇಲ್ಲಿನ ಅಂಗಡಿಗಳನ್ನು ಸರಿಯಾಗಿ ತಲುಪುವ ಹೊತ್ತಿಗೆ 2011 ಬಂದಿತ್ತು. ಐಫೋನನ್ನು ನಮ್ಮಲ್ಲಿ ಆಗ ಯಾರೂ ಕಂಡೇ ಇರಲಿಲ್ಲ. ನಮ್ಮ ಜೇಬಿನಿಂದ ನೋಕಿಯಾವನ್ನು ಮೊದಲು ಇಳಿಸಿದ್ದು ಐಫೋನ್ ಅಲ್ಲ, ಎರಡನೇ ಸಿಮ್.

2010ರಲ್ಲಿ ಮೈಕ್ರೋಸಾಫ್ಟಿನಿಂದ ಬಂದ ಸ್ಟೀಫನ್ ಇಲಾಪ್ ನೋಕಿಯಾದ ಮುಖ್ಯಸ್ಥರಾದರು. 2011ರ ಫೆಬ್ರುವರಿಯಲ್ಲಿ ಅವರು ನೌಕರರಿಗೆ ಬರೆದ ಪತ್ರ ಹೊರಗೆ ಬಂತು. ಸಮುದ್ರದ ನಡುವೆ ಉರಿಯುತ್ತಿರುವ ತೈಲ ಕಟ್ಟೆಯ ಮೇಲೆ ನಾವು ನಿಂತಿದ್ದೇವೆ ಎಂಬುದು ಅದರ ಸಾರ. ಕೆಲವೇ ದಿನಗಳಲ್ಲಿ, ಇನ್ನು ಮೈಕ್ರೋಸಾಫ್ಟಿನ ವಿಂಡೋಸ್ ಫೋನೇ ನಮ್ಮ ದಾರಿ ಎಂಬ ಘೋಷಣೆಯಾಯಿತು. ಹೊಸ ಲೂಮಿಯಾ ಅಂಗಡಿಗೆ ಬಂದದ್ದು ಆ ವರ್ಷದ ಕೊನೆಗೆ. ನಡುವಿನ ತಿಂಗಳುಗಳಲ್ಲಿ ತನ್ನ ಅಂಗಡಿಯ ಸರಕು ಹಳಸಿದೆ ಎಂದು ಯಜಮಾನರೇ ಸಾರಿದಂತಾಯಿತು. ನಮ್ಮೂರಿನ ಮೀನು ಮಾರುವವನೂ ಹೊಸ ಮೀನಿನ ಗಾಡಿ ಬರುವ ತನಕ ಬುಟ್ಟಿಯ ಮೀನಿನ ಬಗ್ಗೆ ಹಾಗೆ ಹೇಳುವುದಿಲ್ಲ. 2012ರಲ್ಲಿ ಸ್ಯಾಮ್‌ಸಂಗ್ ಮೊದಲ ಸ್ಥಾನ ಕಿತ್ತುಕೊಂಡಿತು. 2013ರ ಸೆಪ್ಟೆಂಬರಿನಲ್ಲಿ ಫೋನ್ ವಿಭಾಗವನ್ನು 544 ಕೋಟಿ ಯೂರೋಗೆ ಮೈಕ್ರೋಸಾಫ್ಟಿಗೆ ಮಾರುವ ಒಪ್ಪಂದವಾಯಿತು, 2014ರ ಏಪ್ರಿಲಿನಲ್ಲಿ ಕೈ ಬದಲಾಯಿತು. ಮರುವರ್ಷವೇ ಮೈಕ್ರೋಸಾಫ್ಟ್ ಅದರ ಬಾಬ್ತಿನಲ್ಲಿ 760 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು.

ಈ ಕೋಟಿಗಳು ನನ್ನ ತಲೆಗೆ ಹತ್ತುವುದಿಲ್ಲ. ಹತ್ತುವುದು ಶ್ರೀಪೆರುಂಬುದೂರಿನ ಕಥೆ. ಚೆನ್ನೈ ಹತ್ತಿರದ ಆ ನೋಕಿಯಾ ಕಾರ್ಖಾನೆ 2006ರಲ್ಲಿ ಶುರುವಾಯಿತು. ಏರುಗಾಲದಲ್ಲಿ ಸುಮಾರು 8,000 ಮಂದಿ ನೇರವಾಗಿ ಕೆಲಸಕ್ಕಿದ್ದರು, ಬಹಳಷ್ಟು ಮಂದಿ ಹಳ್ಳಿಗಳಿಂದ ಬಂದ ಯುವತಿಯರು. ಶಾಲೆ ಮುಗಿಸಿ ನೇರ ಅಲ್ಲಿಗೆ ಹೋದವರು, ಅಂದರೆ ಹೆಚ್ಚುಕಡಿಮೆ ನನ್ನ ಪ್ರಾಯದವರು. ತೆರಿಗೆ ಇಲಾಖೆಯೊಂದಿಗಿನ ವ್ಯಾಜ್ಯದಿಂದಾಗಿ ಆ ಕಾರ್ಖಾನೆ ಮೈಕ್ರೋಸಾಫ್ಟಿಗೆ ಸೇರಲಿಲ್ಲ. ಮೈಕ್ರೋಸಾಫ್ಟ್ ಅಲ್ಲಿಂದ ಫೋನ್ ಕೊಳ್ಳುವುದನ್ನೂ ನಿಲ್ಲಿಸಿತು. 2014ರ ನವೆಂಬರ್ 1ರಂದು ಅದು ನಿಂತಿತು. ಪಾಠದಲ್ಲಿ 'ಪರಿಸರಕ್ಕೆ ಹೊಂದಿಕೊಳ್ಳದ ಸಂಸ್ಥೆ' ಎಂದು ಓದುವಾಗ ನನಗೆ ಅವರ ನೆನಪಾಗುತ್ತದೆ. ಅವರು ಹೊಂದಿಕೊಂಡೇ ಇದ್ದರಲ್ಲ! ಮುಂದೆ ಆ ಜಾಗವನ್ನು ಸಾಲ್ಕಾಂಪ್ ಎಂಬ ಚಾರ್ಜರ್ ಕಂಪನಿ ಕೊಂಡಿತು. ಅದೂ ಮೂಲತಃ ಫಿನ್ಲೆಂಡಿನದೇ.

ಇಂಥದ್ದು ನಮ್ಮ ರಾಜ್ಯಕ್ಕೂ ಹೊಸತಲ್ಲ. ನನ್ನ ನಾನಾ ಕೈಯಲ್ಲಿದ್ದದ್ದು ಕೀಲಿ ಕೊಡುವ ಎಚ್ಎಂಟಿ. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಗಡಿಯಾರ ಅದು. ತುಮಕೂರಿನಲ್ಲೂ ಕಾರ್ಖಾನೆ ಇತ್ತು. ಕ್ವಾರ್ಟ್ಜ್ ಗಡಿಯಾರವನ್ನು ಎಚ್ಎಂಟಿಯೂ ಮಾಡಿತ್ತು, ಟೈಟನ್ ಬರುವುದಕ್ಕೂ ಮೊದಲೇ. ಆದರೆ ಅದನ್ನೇ ನಂಬಿ ಹೊರಟದ್ದು ಟೈಟನ್. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ನಾನಾರ ಗಡಿಯಾರ ಈಗಲೂ ನಡೆಯುತ್ತದೆ, ದಿನಕ್ಕೆ ನಾಲ್ಕು ನಿಮಿಷ ಹಿಂದೆ.

ನೋಕಿಯಾವನ್ನು ಇಳಿಸಿದ ಮೈಕ್ರೋಮ್ಯಾಕ್ಸ್ ಕೂಡ ಉಳಿಯಲಿಲ್ಲ. 2016ರಲ್ಲಿ ಜಿಯೊ ಬಂದು ಎಲ್ಲರಿಗೂ 4ಜಿ ಬೇಕಾದಾಗ ಚೀನಾ ಕಂಪನಿಗಳು ಅದರ ಜಾಗಕ್ಕೆ ಬಂದು ಕೂತವು. ನೋಕಿಯಾ ಮಾತ್ರ ಪೂರ್ತಿ ಸತ್ತಿಲ್ಲ. ಅದು ಈಗ ಟವರಿನ ಉಪಕರಣಗಳ ಕಂಪನಿ. 2022ರಲ್ಲಿ ಏರ್‌ಟೆಲ್ ಮತ್ತು ಜಿಯೊ ಎರಡೂ 5ಜಿಗಾಗಿ ಅದರೊಡನೆ ಒಪ್ಪಂದ ಮಾಡಿಕೊಂಡವು. ಹೀಗೆ ಬದಲಾಗಲು ಕಂಪನಿಗೆ ದಾರಿಯಿದೆ. ಅದರ ಫೋನ್ ಬಿಚ್ಚಿ ಬದುಕು ಕಟ್ಟಿಕೊಂಡವರಿಗೆ?

ಈಗ ಬರುವ ಫೋನುಗಳಲ್ಲಿ ಸ್ಕ್ರೂ ಕಾಣಿಸುವುದಿಲ್ಲ, ಗಮ್ ಹಾಕಿ ಅಂಟಿಸಿರುತ್ತಾರೆ. ಸೂರ್ಯಾಸ್ತ ನೋಡಲು ಬಂದವರು ಗಾಜು ಒಡೆದ ದುಬಾರಿ ಫೋನ್ ಹಿಡಿದು ಬರುತ್ತಾರೆ. ಮಾಮು ಎರಡೂ ಬದಿ ತಿರುಗಿಸಿ ನೋಡಿ, "ಉಡುಪಿಗೋ ಮಣಿಪಾಲಕ್ಕೋ ಹೋಗಿ ಸಾರ್" ಎಂದು ವಾಪಸ್ ಕೊಡುತ್ತಾರೆ. ರೀಚಾರ್ಜನ್ನು ಜನ ತಾವೇ ಮಾಡಿಕೊಳ್ಳುತ್ತಾರೆ. ಅಬ್ಬ ತೀರಿಕೊಂಡ ಮೇಲೆ ಅಮ್ಮಿಗೂ ನನಗೂ ಆಸರೆ ಇದೇ ಅಂಗಡಿ. ಹಾಗಾಗಿ ಇದು ನನಗೆ ಬರೀ ಪಾಠದ ಉದಾಹರಣೆಯಲ್ಲ.

ಕಳೆದ ತಿಂಗಳು ಮಾಮು ಒಂದು ಪಾಂಪ್ಲೆಟ್ ತಂದು ನನ್ನ ಮುಂದಿಟ್ಟರು. ಒಡೆದ ಡಿಸ್‌ಪ್ಲೇಯ ಮೇಲಿನ ಗಾಜನ್ನಷ್ಟೇ ಬಿಡಿಸಿ ಹೊಸದು ಕೂರಿಸುವ ಯಂತ್ರ. ಬಡ್ಡಿ ಸಾಲ ಅವರು ತೆಗೆಯುವುದಿಲ್ಲ. ಕೈಗೆ ಬರುವುದು ಚೀಟಿ ಹಣ ಒಂದೇ, ಅದನ್ನು ನನ್ನ ಬಿ.ಕಾಂ.ಗೆಂದು ಕಟ್ಟುತ್ತಿದ್ದರು. "ನೀನು ಕಾಮರ್ಸ್ ಓದುತ್ತೀಯಲ್ಲ, ಲೆಕ್ಕ ಮಾಡಿ ಹೇಳು. ನಿನ್ನ ಫೀಸಿನದ್ದು ಮನಸ್ಸಲ್ಲಿ ಇಟ್ಟುಕೊಂಡು ಹೇಳಬೇಡ" ಎಂದರು.

ಅಂಗಡಿಯ ನೋಟ್‌ಬುಕ್ ತೆಗೆದು ಒಂದು ವರ್ಷದ್ದನ್ನೆಲ್ಲ ಬರೆದೆ. ಗಾಜು ಒಡೆದ ಫೋನುಗಳು ಪ್ರವಾಸಿಗರು ಬರುವ ತಿಂಗಳುಗಳಲ್ಲಿ ಮಾತ್ರ, ಅದರಲ್ಲೂ ಅರ್ಧ ಜನ ಅದೇ ಸಂಜೆ ಘಟ್ಟ ಇಳಿಯುವ ಆತುರದವರು. ನಾನು ಲೆಕ್ಕಕ್ಕೆ ಹಿಡಿಯದ ಇನ್ನೊಂದು ಸಾಲು ಪುಟಪುಟದಲ್ಲೂ ಸಿಕ್ಕಿತು: ಸೋಲಾರ್ ಬೇಲಿಯ ಮಿಷನ್. ಹಂದಿ, ಕಾಟಿ ತೋಟಕ್ಕೆ ನುಗ್ಗದಂತೆ ತಂತಿಗೆ ಕರೆಂಟು ಕೊಡುವ ಡಬ್ಬಿ. ಸಿಡಿಲಿಗೆ ಸುಡುತ್ತದೆ, ತೇವಕ್ಕೆ ಕಿಲುಬು ಹಿಡಿಯುತ್ತದೆ, ಅದಕ್ಕೆ ಇನ್ನೂ ಸ್ಕ್ರೂಗಳಿವೆ. ಮಾಮು ಅದನ್ನು ಪುರುಸೊತ್ತಿನ ಕೆಲಸವೆಂದು ಮೂಲೆಗೆ ಹಾಕಿದ್ದರು, ಅರ್ಧಕ್ಕೆ ದುಡ್ಡೂ ತೆಗೆದುಕೊಂಡಿರಲಿಲ್ಲ. ಯಂತ್ರ ಬೇಡ, ಮೈಕ್ರೋಸ್ಕೋಪ್ ಒಂದು ತನ್ನಿ, ಬೇಲಿ ಮಿಷನ್ ರಿಪೇರಿಗೆ ಬೋರ್ಡು ಬರೆಸಿ ಎಂದೆ.

ಮಾಮು ಬಹಳ ಹೊತ್ತು ಮಾತಾಡಲಿಲ್ಲ. "ಮೊಬೈಲ್ ಅಂಗಡಿ ಅಂತ ಹೆಸರು ತೆಗೀಬೇಕಾ?" ಎಂದು ಕೇಳಿದರು. ತೆಗೆಯುವುದು ಬೇಡ, ಕೆಳಗೆ ಒಂದು ಸಾಲು ಸೇರಿಸಿದರೆ ಸಾಕು ಎಂದೆ. ಮೈಕ್ರೋಸ್ಕೋಪ್ ಮೊನ್ನೆ ಬಂತು. ಬೋರ್ಡಿನ ಬಣ್ಣ ಮಳೆ ಬಿಟ್ಟ ಮೇಲೆ. ಚೀಟಿ ಹಣದ ಮಾತು ಇನ್ನೂ ಮುಗಿದಿಲ್ಲ. ಮನೆಯಲ್ಲಿ ಅಮ್ಮಿ ಒಂದು ಹೇಳುತ್ತಾರೆ, ಮಾಮು ಒಂದು ಹೇಳುತ್ತಾರೆ. ಬೇಲಿ ಮಿಷನ್ನಿಗೆ ಜಾಗ ಮಾಡಬೇಕೆಂದು ಡ್ರಾಯರಿನ ನೋಕಿಯಾಗಳನ್ನೆಲ್ಲ ಒಂದು ಬಿಸ್ಕತ್ ಡಬ್ಬಿಗೆ ತುಂಬಿಸಿ ಅಟ್ಟಕ್ಕೆ ಏರಿಸಿದ್ದೇವೆ, ಚೀಟಿಗಳ ಸಮೇತ.