ಜಡೆಯಲ್ಲಿ ಹಟ ಹಿಡಿದ ಕಾರು

ಕೀ ತಿರುಗಿಸಿದರೆ ಸದ್ದೇ ಬರದಿದ್ದರೆ ಬ್ಯಾಟರಿ ಸತ್ತಿದೆ ಅಂದ್ಕೋಬಹುದು. ನಮ್ಮದು ಹಾಗಲ್ಲ. ಕರ್ ಕರ್ ಕರ್ ಅಂತ ಜೋರಾಗೇ ಸುತ್ತುತ್ತಿತ್ತು, ಸ್ಟಾರ್ಟ್ ಮಾತ್ರ ಆಗ್ತಿರಲಿಲ್ಲ. ಹೊರಗೆ ಜುಲೈ ತಿಂಗಳ ಮಳೆ. ಪಕ್ಕದ ಸೀಟಿನಲ್ಲಿ 72 ವರ್ಷದ ಅಪ್ಪ. ಊರು ಜಡೆ.

ಜಡೆ ಸೊರಬ ತಾಲ್ಲೂಕಿನ ಹೋಬಳಿ ಊರು. ಹೆಸರು ಕೇಳಿದವರಿಗೆ ಮೊದಲು ನೆನಪಾಗೋದು ಅಲ್ಲಿನ ಮಠ. ನಮ್ಮ ಮನೆಯಲ್ಲಿ ಮಾತ್ರ ಜಡೆ ಅಂದರೆ ಅಪ್ಪನ ಮೊದಲ ನೌಕರಿ. 1976ರಲ್ಲಿ ಆ ಕಡೆಯ ಶಾಲೆಯೊಂದಕ್ಕೆ ಮೇಷ್ಟ್ರಾಗಿ ಬಂದವರು ನಾಲ್ಕು ವರ್ಷ ಇದ್ದರು. ಆಮೇಲೆ ಶಿವಮೊಗ್ಗಕ್ಕೆ ವರ್ಗ. ಮತ್ತೆ ಆ ಕಡೆ ಹೋಗೋದಕ್ಕೆ ಆಗಿರಲೇ ಇಲ್ಲ.

ಈಗ ಹೊರಟದ್ದಕ್ಕೂ ಒಂದು ಕಾರಣ ಇತ್ತು. ಅಪ್ಪನ 1996ರ ಮಾರುತಿ 800 ಮಾರಬೇಕು ಅಂತ ನಾನು ಒಂದು ವರ್ಷದಿಂದ ಹಟ ಹಿಡಿದಿದ್ದೆ. ಅವರ ಕೈ ನಡುಗುತ್ತದೆ, ಡಾಕ್ಟರು ಡ್ರೈವಿಂಗ್ ಬೇಡ ಅಂದಿದ್ದಾರೆ. ಕಾರು ಮಾತ್ರ ಶೆಡ್ಡಿನಲ್ಲಿ ಹಾಗೇ ಇತ್ತು. ಈ ವಿಷಯ ಬಂದರೆ ಇಬ್ಬರೂ ಊಟ ಬಿಟ್ಟು ಎದ್ದು ಹೋಗುವಷ್ಟು ಜಗಳ. ಕೊನೆಗೆ ಅಪ್ಪನೇ, "ಒಂದ್ಸಲ ಜಡೆಗೆ ಹೋಗ್ಬರೋಣ. ನೀನೇ ಓಡಿಸು. ಬಂದ್ಮೇಲೆ ಮಾರ್ಕೋ" ಅಂದರು.

ಶಿವಮೊಗ್ಗದಿಂದ ಬೆಳಗ್ಗೆ ಆರಕ್ಕೇ ಹೊರಟೆವು. ಶಿಕಾರಿಪುರ ದಾಟಿದ ಮೇಲೆ ಬಳ್ಳಿಗಾವಿ, ತಾಳಗುಂದ. ಕೇದಾರೇಶ್ವರ ದೇವಸ್ಥಾನ ನೋಡಿಕೊಂಡು ತಾಳಗುಂದದ ಕಂಬದ ಎದುರು ನಿಂತಾಗ ಅಪ್ಪನ ಪಾಠ ಶುರು. ಓದಲು ಕಂಚಿಗೆ ಹೋದ ಮಯೂರಶರ್ಮನಿಗೂ ಪಲ್ಲವರ ಕುದುರೆ ಸವಾರನಿಗೂ ಜಗಳ ಆಗಿ, ಅವನು ವೇದ ಬಿಟ್ಟು ಕತ್ತಿ ಹಿಡಿದ. ಕದಂಬರ ರಾಜ್ಯ ಹುಟ್ಟಿದ್ದು ಹಾಗೆ. ಆ ಕಥೆ ಹೇಳುವುದು ಇದೇ ಕಂಬದ ಶಾಸನ. "ನೋಡು, ಅವನಿಗೂ ಗಾಡಿಯಿಂದಲೇ ತೊಂದರೆ" ಅಂತ ನಾನು ತಮಾಷೆ ಮಾಡಿದೆ. ನನಗೇನು ಗೊತ್ತಿತ್ತು!

ಶಿರಾಳಕೊಪ್ಪ, ಆನವಟ್ಟಿ ಆಗಿ ಜಡೆ ಸೇರಿದಾಗ ಹನ್ನೊಂದು ದಾಟಿತ್ತು. ರಸ್ತೆಯ ಎರಡೂ ಕಡೆ ಗದ್ದೆ, ಗೋವಿನಜೋಳ, ನಡುನಡುವೆ ಅಡಿಕೆ ತೋಟ. ಅಪ್ಪ ತಾವು ಬಾಡಿಗೆಗಿದ್ದ ಮನೆಯ ಓಣಿ ಹುಡುಕಿಕೊಂಡು ಕೊಡೆ ಹಿಡಿದು ಹೊರಟರು. ನಾನು ಹಿಂದೆ. ಎರಡು ಗಂಟೆ ಸುತ್ತಿದೆವು. ಅಷ್ಟರಲ್ಲಿ ಓಣಿಗೆ ಟ್ರ್ಯಾಕ್ಟರ್ ಬಂತು. "ಅಕ್ಕಾರೆ, ಗಾಡಿ ಸ್ವಲ್ಪ ಮುಂದಕ್ಕ್ ತಗೀರಿ" ಅಂದ ಹುಡುಗ. ಚೋಕ್ ಎಳೆದು ಸ್ಟಾರ್ಟ್ ಮಾಡಿ, ಹತ್ತಡಿ ಮುಂದೆ ಬಿಟ್ಟು, ಆಫ್ ಮಾಡಿದೆ. ನಾನು ಮಾಡಿದ ತಪ್ಪು ಅದೇ. ಆಗ ಗೊತ್ತಾಗಲಿಲ್ಲ.

ಅರ್ಧ ಗಂಟೆ ಬಿಟ್ಟು ಬನವಾಸಿಗೆ ಹೊರಡೋಣ ಅಂತ ಕೂತರೆ ಕಾರು ಏಳಲಿಲ್ಲ. ಮತ್ತೆ ಚೋಕ್ ಎಳೆದೆ, ಆಕ್ಸಿಲರೇಟರ್ ನಾಲ್ಕೈದು ಸಲ ಒತ್ತಿದೆ. ಕರ್ ಕರ್ ಕರ್. ಬಾಯಿಗೆ ಬಂದೇ ಬಿಟ್ಟಿತು: "ಇದಕ್ಕೇ ಹೇಳಿದ್ದು ಅಪ್ಪ, ಗುಜರಿಗೆ ಹಾಕು ಅಂತ!"

ಅಪ್ಪ ಏನೂ ಹೇಳಲಿಲ್ಲ. ಕಿಟಕಿ ಇಳಿಸಿ ಮೂಸಿ ನೋಡಿದರು. "ಪೆಟ್ರೋಲ್ ವಾಸನೆ ಬರ್ತಿದೆ. ಸಾಕು, ಇನ್ನು ಕೀ ಮುಟ್ಬೇಡ. ಬಾನೆಟ್ ತೆಗಿ."

ಆಮೇಲೆ ನಡೆದದ್ದು ನನಗೆ ಪಾಠ. ಎಂಜಿನ್ ಸುತ್ತುತ್ತಿದೆ ಅಂದರೆ ಬ್ಯಾಟರಿ, ಸ್ಟಾರ್ಟರ್ ಎರಡೂ ಸರಿ ಇವೆ. ಹಾಗಾದರೆ ನೋಡಬೇಕಾದ್ದು ಪೆಟ್ರೋಲ್, ಕಿಡಿ, ಗಾಳಿ, ಒಳಗಿನ ಒತ್ತಡ. ವಾಸನೆ ಬರ್ತಿರೋದರಿಂದ ಪೆಟ್ರೋಲ್ ಬರ್ತಿದೆ, ಅದೂ ಹೆಚ್ಚಾಗಿಯೇ. ಅಪ್ಪನ ಕೈಗೆ ಸ್ಪ್ಯಾನರ್ ಕೊಟ್ಟೆ. ಪ್ಲಗ್ಗಿನ ಮೇಲೆ ಅದು ಕೂರಲೇ ಇಲ್ಲ, ಅಷ್ಟು ನಡುಕ. ಒಂದು ಕ್ಷಣ ನನ್ನ ಮುಖ ನೋಡಿ ಸ್ಪ್ಯಾನರ್ ವಾಪಸ್ ಕೊಟ್ಟರು. "ನೀನೇ ಬಿಚ್ಚು. ಒಂದೊಂದೇ ವೈರ್ ಕಿತ್ತು, ಯಾವುದು ಎಲ್ಲಿಯದು ಅಂತ ನೆನಪಿಟ್ಕೋ."

ಮೂರು ಪ್ಲಗ್ಗೂ ಪೆಟ್ರೋಲಿನಲ್ಲಿ ಒದ್ದೆ. ಅಷ್ಟರಲ್ಲಿ ಟ್ರ್ಯಾಕ್ಟರ್ ಹುಡುಗನ ಅಪ್ಪ ಬಂದು ಎಂಜಿನ್ ಮೇಲೆ ಕೊಡೆ ಹಿಡಿದು ನಿಂತರು. ಸ್ವಲ್ಪ ಹೊತ್ತು ಅಪ್ಪನನ್ನೇ ನೋಡಿ, "ಮೇಷ್ಟ್ರಲ್ಲೇನ್ರಿ ನೀವು? ನಂಗೆ ಮಗ್ಗಿ ಕಲ್ಸಿದೋರು?" ಅಂದರು. ಆಮೇಲೆ ಅವರ ಮನೆಯಿಂದ ಚಹಾ ಬಂತು, ಮಂಡಕ್ಕಿ ಬಂತು, ಪ್ಲಗ್ ಒರೆಸೋದಕ್ಕೆ ಹಳೇ ಪಂಚೆಯ ತುಂಡೂ ಬಂತು.

ಪ್ಲಗ್ ಒಣಗುವ ಹೊತ್ತಿಗೆ ಅಮೆರಿಕದಲ್ಲಿರೋ ದೊಡ್ಡಪ್ಪನ ಮಗನಿಗೆ ವಾಯ್ಸ್ ಮೆಸೇಜ್ ಹಾಕಿದೆ. ಅವನಿಗೆ ಕಾರಿನ ಹುಚ್ಚು. ಮಧ್ಯರಾತ್ರಿಯಲ್ಲೂ ಎದ್ದಿದ್ದ, ಕೂಡಲೇ ಉತ್ತರ ಬಂತು. ಅವನ ಹತ್ತಿರ ಮಾಜ್ದಾ ಆರ್‌ಎಕ್ಸ್-8 ಇತ್ತಂತೆ, ರೋಟರಿ ಎಂಜಿನ್ನಿನದು. ಅದರಲ್ಲಿ ಮೇಲೆ ಕೆಳಗೆ ಓಡುವ ಪಿಸ್ಟನ್ ಇರೋದಿಲ್ಲ, ಮೂರು ಮೂಲೆಯ ರೋಟರ್ ಸುತ್ತುತ್ತಿರುತ್ತದೆ. 1991ರಲ್ಲಿ ಲೆ ಮಾನ್ಸ್ ರೇಸ್ ಗೆದ್ದದ್ದೂ ಮಾಜ್ದಾದ ರೋಟರಿ ಕಾರೇ. ಅಂಥ ಎಂಜಿನ್ನಿಗೂ ಇದೇ ಕಾಯಿಲೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಗ್ಯಾರೇಜಿನಿಂದ ಆಚೆ ಇಟ್ಟು, ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಒಳಗೆಲ್ಲ ಪೆಟ್ರೋಲ್ ತುಂಬಿಬಿಡುತ್ತದೆ. ರೋಟರಿನ ಮೂಲೆಯ ಸೀಲಿಗೆ ಅಂಟಿಕೊಂಡ ಎಣ್ಣೆ ತೊಳೆದುಹೋಗಿ ಒತ್ತಡವೇ ಸಿಗೋದಿಲ್ಲ. ಆಮೇಲೆ ಎಷ್ಟು ಕೀ ತಿರುಗಿಸಿದರೂ ಬರೀ ಸುತ್ತೋದೇ. ಅದಕ್ಕೆ ಮದ್ದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕ್ರ್ಯಾಂಕ್ ಮಾಡೋದು. ಆಗ ಪೆಟ್ರೋಲ್ ನಿಂತು ಬರೀ ಗಾಳಿ ಹೋಗುತ್ತದೆ.

ಸ್ಪೀಕರಿನಲ್ಲಿ ಕೇಳಿದ ಅಪ್ಪ ನಕ್ಕರು. "ನಾನೂ ಅದನ್ನೇ ಹೇಳೋನಿದ್ದೆ. ಚೋಕ್ ಪೂರ್ತಿ ಒಳಗೆ ತಳ್ಳು. ಆಕ್ಸಿಲರೇಟರ್ ಪಂಪ್ ಮಾಡ್ಬೇಡ, ನೆಲಕ್ಕೆ ಒತ್ತಿ ಹಿಡ್ಕೋ. ಐದಾರು ಸೆಕೆಂಡ್ ಸುತ್ತಿಸು, ಅರ್ಧ ನಿಮಿಷ ಬಿಡು."

ಪ್ಲಗ್ ಹಾಕಿ ವೈರ್ ಸಿಕ್ಕಿಸಿದೆ. ಮೊದಲ ಸಲ ಏನೂ ಆಗಲಿಲ್ಲ. ಎರಡನೇ ಸಲ ಒಮ್ಮೆ ಕೆಮ್ಮಿತು. ಮೂರನೇ ಸಲ ಎದ್ದಿತು, ಹಿಂದಿನಿಂದ ಕಪ್ಪು ಹೊಗೆ. ಟ್ರ್ಯಾಕ್ಟರ್ ಹುಡುಗ ಶಿಳ್ಳೆ ಹೊಡೆದ. "ಅಪ್ಪ, ಸಾರಿ" ಅಂದೆ. "ಆಫ್ ಮಾಡ್ಬೇಡ, ಬಿಸಿ ಆಗ್ಲಿ" ಅಂದರು, ಅಷ್ಟೇ.

ಬನವಾಸಿ ತಲುಪಿದಾಗ ಸಂಜೆ. ವರದಾ ತುಂಬಿ ಕೆಂಪಗೆ ಹರಿಯುತ್ತಿತ್ತು. ಮಧುಕೇಶ್ವರನಿಗೆ ಕೈ ಮುಗಿದು ಕಂಬಗಳ ನಡುವೆ ಸುಮ್ಮನೆ ಕೂತೆವು. ಕಾರಿನ ವಿಷಯ ಇಬ್ಬರೂ ಎತ್ತಲಿಲ್ಲ.

ನೀವೂ ಹೋಗೋದಾದರೆ ಶಿಕಾರಿಪುರದಿಂದ ಬನವಾಸಿಗೆ ಈ ದಾರಿಯಲ್ಲೇ ಹೋಗಿ. ಬಳ್ಳಿಗಾವಿ, ತಾಳಗುಂದ, ಆನವಟ್ಟಿ ಪಕ್ಕದ ಕುಬಟೂರಿನ ಕೈಟಭೇಶ್ವರ ಎಲ್ಲ ಒಂದೇ ದಿನದಲ್ಲಿ ಆಗುತ್ತವೆ. ಜಡೆಯಲ್ಲೂ ಸ್ವಲ್ಪ ನಿಲ್ಲಿ. ಹಳೇ ಗಾಡಿಯಾದರೆ ಪ್ಲಗ್ ಸ್ಪ್ಯಾನರ್, ಒಣಬಟ್ಟೆ ಇಟ್ಕೊಳ್ಳಿ. ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿದ ಮೇಲೆ ಬಿಸಿಯಾಗುವ ತನಕ ಆಫ್ ಮಾಡಬೇಡಿ.

ಕಾರು ಹೋದ ತಿಂಗಳು ಮಾರಿದೆವು. ಕೊಂಡ ಹುಡುಗನಿಗೆ ಆರ್‌ಸಿ ಕೊಟ್ಟಾದ ಮೇಲೂ ಅಪ್ಪ ಬಿಡಲಿಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚೋಕ್ ಬಗ್ಗೆ ಅರ್ಧ ಗಂಟೆ ಪಾಠ ಮಾಡಿದರು. ಕೊನೆಗೆ ನನ್ನ ಕಡೆ ಕೈ ತೋರಿಸಿ, "ಏನಾದ್ರೂ ತೊಂದ್ರೆ ಆದ್ರೆ ಇವಳಿಗೆ ಫೋನ್ ಮಾಡಪ್ಪಾ, ಇವಳಿಗೆ ಗೊತ್ತು" ಅಂದರು.